ಚಾರ್ಮಾಡಿ ಘಾಟಿಯ ಕಸ: ಹೆಕ್ಕುವ ಮೊದಲು ಇಳಿಸುವ ಜಾಗ ಗೊತ್ತಿರಲಿ

ಪ್ರಶ್ನೆ: ನಾವು ಬೆಳ್ತಂಗಡಿ, ಉಜಿರೆ ಸುತ್ತಲಿನ ಗೆಳೆಯರು, ಸುಮಾರು ನಲವತ್ತು ಮಂದಿ. ಅಕ್ಟೋಬರ್ 2ರಂದು ಚಾರ್ಮಾಡಿ ಘಾಟಿಯ ರಸ್ತೆಬದಿ ಕಾಡಿನಲ್ಲಿ ಕಸ ಹೆಕ್ಕಬೇಕು ಅಂದುಕೊಂಡಿದ್ದೇವೆ. ಯಾರ ಅನುಮತಿ ಬೇಕು? ಏನೇನು ಒಯ್ಯಬೇಕು? ಹೆಕ್ಕಿದ್ದನ್ನು ಎಲ್ಲಿಗೆ ಹಾಕುವುದು? ಹಿಂದೊಮ್ಮೆ ಬೇರೊಂದು ತಂಡ ತುಂಬಿಸಿಟ್ಟ ಚೀಲಗಳು ತಿಂಗಳುಗಟ್ಟಲೆ ತಿರುವಿನಲ್ಲೇ ಬಿದ್ದಿದ್ದವು, ನಮ್ಮದೂ ಹಾಗಾಗಬಾರದು. ಶಾಲಾ ಮಕ್ಕಳನ್ನು ಜೊತೆಗೆ ಕರೆತರಬಹುದೇ?

ಉತ್ತರ: ತಿರುವಿನಲ್ಲಿ ಬಿದ್ದಿದ್ದ ಆ ಚೀಲಗಳಿಂದಲೇ ಶುರು ಮಾಡೋಣ. ಘಾಟಿಯಲ್ಲಿ ತುಂಬಿಸಿಟ್ಟ ಚೀಲ ಒಂದು ರಾತ್ರಿ ಉಳಿದರೆ ಮಂಗಗಳು ಹರಿಯುತ್ತವೆ. ಒಂದು ವಾರ ಉಳಿದರೆ ದಾರಿಹೋಕರು ಅದನ್ನೇ ಕಸದ ತೊಟ್ಟಿ ಎಂದುಕೊಂಡು ಅದರ ಮೇಲೆ ತಮ್ಮದನ್ನೂ ಎಸೆಯುತ್ತಾರೆ. ಬಿಸಿಲಲ್ಲಿ ಕೆಲವು ತಿಂಗಳು ಉಳಿದರೆ ಚೀಲವೇ ಪುಡಿಯಾಗತೊಡಗುತ್ತದೆ. ಗೊಬ್ಬರದ ಚೀಲದ ನೇಯ್ಗೆ ಪಾಲಿಪ್ರೊಪಿಲೀನ್ ಪಟ್ಟಿಯದು. ಬಿಸಿಲು ತಿಂದ ಮೇಲೆ ಮುಟ್ಟಿದರೆ ಸಾಕು, ಬಿಳಿ ಎಳೆ ಎಳೆಯಾಗಿ ಕಳಚಿ ಬರುತ್ತದೆ. ಆ ಎಳೆಗಳನ್ನು ಮತ್ತೆ ಯಾರಿಂದಲೂ ಹೆಕ್ಕಲಾಗದು. ಚದುರಿ ಬಿದ್ದಿದ್ದ ಕಸವನ್ನು ಒಟ್ಟುಗೂಡಿಸಿ, ಇನ್ನಷ್ಟು ಕೆಟ್ಟ ರೂಪದಲ್ಲಿ ಅಲ್ಲೇ ಬಿಟ್ಟು ಬಂದಂತಾಗುತ್ತದೆ.

ಆದ್ದರಿಂದ ಮೊದಲ ಫೋನ್ ಅರಣ್ಯ ಇಲಾಖೆಗಲ್ಲ, ಕಸ ಇಳಿಸಿಕೊಳ್ಳುವವರಿಗೆ ಹೋಗಲಿ. ಚೀಲಗಳನ್ನು ಅದೇ ದಿನ ಯಾರು ಒಪ್ಪಿಕೊಳ್ಳುತ್ತಾರೆ ಎಂಬುದು ಖಚಿತವಾದ ಮೇಲೆ ದಿನಾಂಕ, ಅನುಮತಿ, ಬ್ಯಾನರ್ ಎಲ್ಲ. ಘಾಟಿಯ ಕೆಳಭಾಗ ನಿಮ್ಮ ತಾಲ್ಲೂಕಿನದಾದ್ದರಿಂದ ಮೊದಲು ಕೇಳಬೇಕಾದ್ದು ಚಾರ್ಮಾಡಿ ಗ್ರಾಮ ಪಂಚಾಯತಿನ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರನ್ನು. ಗ್ರಾಮ ಪಂಚಾಯತುಗಳ ಒಣ ಕಸ ಬೇರ್ಪಡಿಸುವ ಘಟಕಕ್ಕೆ ‘ಸ್ವಚ್ಛ ಸಂಕೀರ್ಣ’ ಎಂದು ಹೆಸರು, ಕಸ ಸಾಗಿಸುವ ಗಾಡಿಗೆ ‘ಸ್ವಚ್ಛ ವಾಹಿನಿ’. ಅಲ್ಲಿ ಬೇರ್ಪಡಿಸಿದ್ದು ಮುಂದೆ ಮಂಗಳೂರು ಬಳಿಯ ತೆಂಕ ಎಡಪದವಿನಂಥ ದೊಡ್ಡ ಘಟಕಗಳಿಗೆ ಹೋಗುತ್ತದೆ. ಪಿಡಿಒ ಅವರಿಗೆ ‘ಸ್ವಚ್ಛತಾ ಕಾರ್ಯಕ್ರಮಕ್ಕೆ ಸಹಕಾರ ಕೋರಿ’ ಎಂದು ಬರೆದರೆ ಉತ್ತರವೂ ಅಷ್ಟೇ ಮೊಗಮ್ಮಾಗಿ ಬರುತ್ತದೆ. ‘ಇಂಥ ದಿನ ಬೆಳಿಗ್ಗೆ 11 ಗಂಟೆಗೆ ಅರವತ್ತರಿಂದ ಎಂಬತ್ತು ಚೀಲ ಒಣ ಕಸ, ಅದರಲ್ಲಿ ಹತ್ತು ಹದಿನೈದು ಚೀಲ ಗಾಜು, ತರುತ್ತೇವೆ, ಘಟಕದ ಅಂಗಳದಲ್ಲಿ ನಾವೇ ಬೇರ್ಪಡಿಸಿ ಕೊಡುತ್ತೇವೆ, ನಮ್ಮದೇ ಗಾಡಿ, ಇಳಿಸಿಕೊಳ್ಳಲು ಒಬ್ಬರು ಬೇಕು’ ಎಂದು ಬರೆಯಿರಿ. ಲೆಕ್ಕ ಕಂಡರೆ ಅವರಿಗೂ ಹೌದು ಅಥವಾ ಇಲ್ಲ ಎನ್ನುವುದು ಸುಲಭ. ಘಟಕದಲ್ಲಿ ಜಾಗವಿಲ್ಲ ಎಂದರೆ ಕಾರ್ಯಕ್ರಮವನ್ನೇ ಮುಂದೂಡಿ. ಕಾಡಿನಲ್ಲಿ ಚದುರಿದ್ದ ಕಸ ಇನ್ನೊಂದು ತಿಂಗಳು ಹಾಗೇ ಇದ್ದರೆ ಆಗುವ ಹಾನಿ, ರಸ್ತೆಬದಿಯಲ್ಲಿ ರಾಶಿ ಬಿಟ್ಟು ಬಂದರೆ ಆಗುವುದಕ್ಕಿಂತ ಕಡಿಮೆಯೇ.

ಇದೇ ಕಾರಣಕ್ಕೆ ಅಕ್ಟೋಬರ್ 2 ನನಗೆ ಅಷ್ಟು ಹಿಡಿಸದು. ಅಂದು ಸರ್ಕಾರಿ ರಜೆ. ಪಂಚಾಯತಿನವರು ತಮ್ಮದೇ ಗಾಂಧಿ ಜಯಂತಿ ಕಾರ್ಯಕ್ರಮದಲ್ಲಿ ಮುಳುಗಿರುತ್ತಾರೆ, ಘಟಕದ ಬೀಗ ತೆಗೆಯುವವರು ಸಿಗುವುದು ಕಷ್ಟ. ಎರಡನೆಯದಾಗಿ, ರಜೆಯ ದಿನ ಘಾಟಿಯಲ್ಲಿ ಗಾಡಿಗಳ ಸಾಲೇ ಇರುತ್ತದೆ. ಮಂಗಳೂರಿನಿಂದ ಮೂಡಿಗೆರೆ, ಬೇಲೂರು ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಅದು. ನಲವತ್ತು ಜನರನ್ನು ಅಂದು ರಸ್ತೆಯಂಚಿಗೆ ಇಳಿಸುವುದು ಅಪಾಯ. ಮೂರನೆಯದಾಗಿ, ಅಕ್ಟೋಬರ್ ಮೊದಲ ವಾರ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಕಲ್ಲಿನ ಮೇಲೆ ಪಾಚಿ, ಹುಲ್ಲಿನಲ್ಲಿ ಇಂಬಳ, ಬೆಳಿಗ್ಗೆ ಹತ್ತು ಮಾರು ಮುಂದೆ ಕಾಣದ ಮಂಜು. (ಅಂದು ರಾಜ್ಯದಲ್ಲಿ ಮದ್ಯದಂಗಡಿಗಳಿಗೆ ರಜೆ ನಿಜ, ಘಾಟಿಗೆ ಬರುವ ಬಾಟಲಿಗಳು ಹಿಂದಿನ ದಿನವೇ ಕೊಂಡಿಟ್ಟವು.)

ನನ್ನ ಸಲಹೆ ನವೆಂಬರ್‌ನ ಎರಡನೇ ಅರ್ಧದ ಒಂದು ಕೆಲಸದ ದಿನ, ಆಗದಿದ್ದರೆ ಭಾನುವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ. ಮಳೆ ನಿಂತಿರುತ್ತದೆ, ನೆಲ ಗಟ್ಟಿಯಾಗಿರುತ್ತದೆ, ಉಣುಗಿನ (ಉಣ್ಣಿಯ) ಕಾಲ ಇನ್ನೂ ಏರಿರುವುದಿಲ್ಲ, ಕಾಡ್ಗಿಚ್ಚಿನ ಕಾಲವೂ ಅಲ್ಲ. ಹುಲ್ಲು ಎತ್ತರವಾಗಿರುವುದರಿಂದ ಒಂದಷ್ಟು ಕಸ ಕಣ್ತಪ್ಪುತ್ತದೆ, ಅದೊಂದೇ ಕೊರತೆ. ಫೆಬ್ರವರಿಯಲ್ಲಿ ಹುಲ್ಲು ಒಣಗಿ ಕಸವೆಲ್ಲ ಎದ್ದು ಕಾಣುತ್ತದೆ ಎಂದು ಕೆಲವರು ಆಗ ಹೋಗುತ್ತಾರೆ. ಆದರೆ ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ 1982–83ರಲ್ಲಿ ನಿಮ್ಮ ಬೆಳ್ತಂಗಡಿ ತಾಲ್ಲೂಕಿನಲ್ಲೇ ಹರಡಿತ್ತು. ಅದನ್ನು ಹರಡುವ ಉಣುಗಿನ ಮರಿಗಳು ಸಾಸಿವೆಗಿಂತ ಚಿಕ್ಕವು, ಒಣಗಿದ ತರಗೆಲೆಯಲ್ಲೇ ಇರುತ್ತವೆ. ಕಸ ಹೆಕ್ಕುವವರು ಕೈ ಹಾಕುವುದೂ ಅಲ್ಲಿಗೇ.

ಇನ್ನು ಅನುಮತಿ. ಘಾಟಿಯ ರಸ್ತೆ ಹೆದ್ದಾರಿಯವರದು, ರಸ್ತೆಯಂಚು ದಾಟಿದ ಕೂಡಲೇ ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೊಕ್ಕರೆ ಅದು ಅತಿಕ್ರಮ ಪ್ರವೇಶ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಜಿಲ್ಲೆಯ ಗಡಿ ಘಾಟಿಯ ನಡುವೆಯೇ ಹಾದುಹೋಗುತ್ತದೆ ಎಂಬುದನ್ನು ಬಹಳ ತಂಡಗಳು ಮರೆಯುತ್ತವೆ. ಕೆಳಭಾಗ ಮಂಗಳೂರು ವಿಭಾಗದ ಬೆಳ್ತಂಗಡಿ ವಲಯ, ಕೊಟ್ಟಿಗೆಹಾರದ ಕಡೆಯದು ಚಿಕ್ಕಮಗಳೂರು ವಿಭಾಗದ ಮೂಡಿಗೆರೆ ವಲಯ. ಒಂದು ವಲಯದ ಪತ್ರ ಹಿಡಿದು ಇನ್ನೊಂದರಲ್ಲಿ ಕೆಲಸ ಮಾಡಿದರೆ ಗಸ್ತಿನವರು ನಿಲ್ಲಿಸುವುದು ಸರಿಯೇ. ಮೊದಲ ಸಲಕ್ಕೆ ಗಡಿಯ ಒಂದೇ ಬದಿ ಇಟ್ಟುಕೊಳ್ಳಿ.

ವಲಯ ಅರಣ್ಯಾಧಿಕಾರಿಗೆ ಕನಿಷ್ಠ ಹದಿನೈದು ದಿನ ಮೊದಲು ಪತ್ರ ಕೊಡಿ, ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪತ್ರದಲ್ಲಿ ಇರಬೇಕಾದ್ದು: ಯಾವ ಕಿಲೋಮೀಟರ್ ಕಲ್ಲಿನಿಂದ ಯಾವ ಕಲ್ಲಿನವರೆಗೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಎಲ್ಲರ ಹೆಸರು ಮತ್ತು ಫೋನ್, ಗಾಡಿಗಳ ನಂಬರ್, ಕಸ ಇಳಿಸುವ ಜಾಗ (ಪಿಡಿಒ ಒಪ್ಪಿಗೆ ಪತ್ರದ ಪ್ರತಿ ಲಗತ್ತಿಸಿ), ಅಡುಗೆ ಮಾಡುವುದಿಲ್ಲ, ಬೆಂಕಿ ಹಾಕುವುದಿಲ್ಲ, ಮೈಕ್ ಬಳಸುವುದಿಲ್ಲ ಎಂಬ ಒಕ್ಕಣೆ. ಆ ಭಾಗದ ಗಸ್ತು ಅರಣ್ಯ ಪಾಲಕರನ್ನು ಜೊತೆಗೆ ಕಳಿಸಿಕೊಡಲು ಕೇಳಿ. ಇದು ಬರೀ ಶಿಷ್ಟಾಚಾರಕ್ಕಲ್ಲ, ಹಿಂದಿನ ರಾತ್ರಿ ಆನೆ ಎಲ್ಲಿ ರಸ್ತೆ ದಾಟಿದೆ, ಯಾವ ಮರದಲ್ಲಿ ಹೆಜ್ಜೇನು ಕಟ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅದೇ ದಿನ ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹವಿರುವುದರಿಂದ ಆಗ ಇಲಾಖೆಯವರು ಇಂಥ ಕೆಲಸಗಳಿಗೆ ಒಲವು ತೋರುವುದು ನಿಜ. ಆ ವಾರ ಅವರನ್ನು ಭೇಟಿಯಾಗಿ ಪತ್ರ ಕೊಟ್ಟು, ಕೆಲಸ ನವೆಂಬರಿಗೆ ಇಟ್ಟುಕೊಂಡರೂ ಆಯಿತು. ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಡೆ ಮಾಡುವ ಯೋಚನೆಯಿದ್ದರೆ ಅಲ್ಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ವಲಯ ಮಟ್ಟದ ಒಪ್ಪಿಗೆ ಸಾಲದು.

ಎಷ್ಟು ದೂರ? ಘಾಟಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿದೆ. ‘ಇಡೀ ಚಾರ್ಮಾಡಿ ಸ್ವಚ್ಛ’ ಎಂಬ ಹುರುಪಿನಲ್ಲಿ ನಲವತ್ತು ಜನ ಅಷ್ಟಕ್ಕೂ ಹರಡಿಕೊಂಡರೆ ಕೈಗೆ ಸಿಗುವುದು ಕಣ್ಣಿಗೆ ಕಾಣುವ ನೀರಿನ ಬಾಟಲಿ ಮಾತ್ರ. ಕಸ ಸಮನಾಗಿ ಹರಡಿಲ್ಲ. ಗಾಡಿ ನಿಲ್ಲಿಸಲು ಜಾಗವಿರುವ ಕಡೆ, ಮಳೆಗಾಲದಲ್ಲಿ ಝರಿ ಇಳಿಯುವ ಕಡೆ, ಕಣಿವೆ ಕಾಣುವ ತಿರುವುಗಳಲ್ಲಿ ಗುಡ್ಡೆ ಬಿದ್ದಿರುತ್ತದೆ. ಒಂದು ವಾರ ಮೊದಲು ಇಬ್ಬರು ಹೋಗಿ ಅಂಥ ಆರೇಳು ಜಾಗ ನೋಡಿ, ಅವುಗಳಲ್ಲಿ ಗಾಡಿ ಒತ್ತರಿಸಿ ನಿಲ್ಲಿಸಲು ಆಗುವ, ಇಳಿಜಾರು ಕಡಿಮೆಯಿರುವ ಮೂರನ್ನು ಆರಿಸಿ. ಒಟ್ಟು ಒಂದೂವರೆ ಕಿಲೋಮೀಟರ್ ದಾಟದಿರಲಿ. ಕುರುಡು ತಿರುವಿನ ಒಳ ಅಂಚನ್ನು ಪಟ್ಟಿಯಿಂದಲೇ ತೆಗೆದುಬಿಡಿ, ಎಷ್ಟೇ ಕಸವಿದ್ದರೂ.

ನಲವತ್ತು ಜನರಲ್ಲಿ ಹೆಕ್ಕುವವರು ಮೂವತ್ತೆರಡು. ಉಳಿದ ಎಂಟರಲ್ಲಿ ನಾಲ್ವರು ಕೆಂಪು ಬಾವುಟ, ಸೀಟಿ ಹಿಡಿದು ಕೆಲಸ ನಡೆಯುವ ಜಾಗದ ಎರಡೂ ತುದಿಯಲ್ಲಿ ಎಪ್ಪತ್ತು ಎಂಬತ್ತು ಮೀಟರ್ ಆಚೆ ನಿಲ್ಲಬೇಕು, ಇಬ್ಬರು ಗಾಡಿಗೆ ಚೀಲ ಏರಿಸಿ ಲೆಕ್ಕ ಬರೆಯಲು, ಒಬ್ಬರು ನೀರಿಗೆ, ಒಬ್ಬರು ಪ್ರಥಮ ಚಿಕಿತ್ಸೆಗೆ. ಮೂವತ್ತೆರಡು ಜನರನ್ನು ನಾಲ್ಕು ನಾಲ್ಕರಂತೆ ಎಂಟು ಗುಂಪು ಮಾಡಿ. ಗುಂಪಿನಲ್ಲಿ ಇಬ್ಬರು ಇಕ್ಕಳದಿಂದ ಹೆಕ್ಕುವವರು, ಒಬ್ಬರು ಚೀಲ ಹಿಡಿಯುವವರು, ಒಬ್ಬರು ಗಾಜಿಗೆ ಮಾತ್ರ. ಎಲ್ಲರೂ ಹೆಕ್ಕತೊಡಗಿದರೆ ಚೀಲದ ಬಾಯಿ ತೆರೆಯುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ, ಒಂದೇ ಚೀಲಕ್ಕೆ ಗಾಜು, ಡೈಪರ್, ಚಿಪ್ಸ್ ಕವರ್ ಎಲ್ಲ ಬೀಳುತ್ತವೆ.

ಸಾಮಾನು ಹೀಗಿರಲಿ. ನೈಟ್ರೈಲ್ ಲೇಪವಿರುವ ಕೈಗವಸು ನಲವತ್ತು ಜೊತೆ. ಹತ್ತಿಯದು ಒದ್ದೆಯಾಗುತ್ತದೆ, ಹೋಟೆಲಿನವರು ಹಾಕುವ ತೆಳು ಪ್ಲಾಸ್ಟಿಕ್ ಹತ್ತು ನಿಮಿಷದಲ್ಲಿ ಹರಿದು ಅದೇ ಕಸವಾಗುತ್ತದೆ. ಗಾಜು ಮುಟ್ಟುವವರಿಗೆ ಎಂಟು ಜೊತೆ ದಪ್ಪ ಚರ್ಮದ ಕೈಗವಸು. ಉದ್ದ ಹಿಡಿಕೆಯ ಇಕ್ಕಳ ಹದಿನಾರು. ನೂರು ಗೊಬ್ಬರದ ಅಥವಾ ಅಕ್ಕಿ ಚೀಲ, ತೋಟವಿರುವ ಮನೆಗಳಲ್ಲಿ ಖಾಲಿ ಬಿದ್ದಿರುತ್ತವೆ, ಹೊಸದು ಕೊಳ್ಳಬೇಡಿ. ಸಿಮೆಂಟಿನ ಚೀಲ ಬೇಡ, ಕೊಡವಿದಷ್ಟೂ ಧೂಳು ಬರುತ್ತದೆ. ಒಡೆದ ಗಾಜಿಗೆ ಮುಚ್ಚಳವಿರುವ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಎಂಟು. ಸೂಜಿ, ಸಿರಿಂಜಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಎರಡು. ಸಣಬಿನ ಹುರಿ, ಎರಡು ಕತ್ತರಿ, ಐವತ್ತು ಕೆ.ಜಿ. ತೂಗುವ ಕೊಕ್ಕೆ ತಕ್ಕಡಿ, ಎರಡು ಟಾರ್ಪಾಲು. ಮಿಂಚುವ ಜಾಕೆಟ್ ಎಲ್ಲರಿಗೂ ಬೇಕೇ ಬೇಕು, ಇದರಲ್ಲಿ ಚೌಕಾಸಿ ಇಲ್ಲ. ನೀರು ತಲೆಗೆ ಎರಡು ಲೀಟರಿನಂತೆ ಎಂಬತ್ತು ಲೀಟರ್, ಅಂದರೆ ದೊಡ್ಡ ಕ್ಯಾನ್ ನಾಲ್ಕು, ಕುಡಿಯಲು ಸ್ಟೀಲ್ ಲೋಟ. ತಿಂಡಿಗೆ ಅವಲಕ್ಕಿ, ಬಾಳೆಹಣ್ಣು. ತಿನ್ನುವುದನ್ನು ಮುಚ್ಚಿದ ಗಾಡಿಯೊಳಗೇ ಇಡಿ, ಘಾಟಿಯ ಮಂಗಗಳಿಗೆ ಚೀಲ ಬಿಚ್ಚುವುದು ನಿಮಗಿಂತ ಚೆನ್ನಾಗಿ ಗೊತ್ತು. ಬ್ಯಾನರ್ ಬೇಕೇ ಬೇಕೆಂದರೆ ಬಟ್ಟೆಯದು. 2016ರ ಮಾರ್ಚ್‌ನಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲದ ಜೊತೆ ಫ್ಲೆಕ್ಸಿಗೂ ನಿಷೇಧವಿದೆ. ಕಸ ಹೆಕ್ಕುವ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟುವವರನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಉಡುಪು ಎಂದರೆ ಉದ್ದ ತೋಳಿನ ಅಂಗಿ, ದಪ್ಪ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಪಾದ ಪೂರ್ತಿ ಮುಚ್ಚುವ ಶೂ. ಚಪ್ಪಲಿಯಲ್ಲಿ ಬಂದವರಿಗೆ ಲೆಕ್ಕ ಬರೆಯುವ ಕೆಲಸ ಕೊಡಿ. ಅಂಗಿಗೆ ತಿಳಿ ಬಣ್ಣ ಒಳ್ಳೆಯದು, ಉಣುಗು ಕಾಣುತ್ತದೆ. ಸೆಂಟ್ ಹೊಡೆದುಕೊಂಡು ಬರಬೇಡಿ, ಹೆಜ್ಜೇನಿರುವ ಕಡೆ ಅದು ಕರೆದು ತರುವ ಆಪತ್ತು. ಟಿಟಿ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದವರು ಮೊದಲೇ ಹಾಕಿಸಿಕೊಂಡು ಬರಲಿ.

ಇನ್ನು ಹೆಕ್ಕುವ ಬಗೆ. ಇಳಿಜಾರಿಗೆ ಒಂದೇ ನಿಯಮ: ಕೈ ಊರದೆ ಎರಡು ಕಾಲ ಮೇಲೆ ನಿಂತು ಎಟುಕುವುದನ್ನು ಮಾತ್ರ ತೆಗೆಯಿರಿ. ತಡೆಗೋಡೆಯ ಆಚೆಗೆ ಯಾರೂ ಇಳಿಯಕೂಡದು. ಒಬ್ಬರ ಕೆಳಗೆ ಇನ್ನೊಬ್ಬರು ನಿಲ್ಲಕೂಡದು, ಮೇಲಿನವರ ಕಾಲಿಗೆ ಸಿಕ್ಕಿದ ಕಲ್ಲು ಕೆಳಗಿನವರ ತಲೆಗೆ ಬರುತ್ತದೆ. 2019ರ ಆಗಸ್ಟ್ ಮಳೆಗೆ ಈ ಘಾಟಿ ಹಲವು ಕಡೆ ಕುಸಿದು ರಸ್ತೆ ಮುಚ್ಚಿತ್ತು, ಆ ಜಾಗಗಳ ಮಣ್ಣನ್ನು ನಂಬಬೇಡಿ. ಕಣಿವೆಯ ಆಳಕ್ಕೆ ಉರುಳಿದ ಕಸ ಹಗ್ಗ ಕಟ್ಟಿ ಇಳಿಯಲು ಬಲ್ಲವರ ಕೆಲಸ. ಅದನ್ನು ನೋಡಿ ಹೊಟ್ಟೆ ಉರಿದರೂ ಬಿಟ್ಟುಬಿಡಿ.

ಕೈಯಲ್ಲಿ ಹೆಕ್ಕಬೇಡಿ, ಇಕ್ಕಳದಲ್ಲೇ ಹೆಕ್ಕಿ. ನೆಲಕ್ಕೆ ಅಂಟಿಕೊಂಡ ಹಾಳೆ, ರಟ್ಟು, ಥರ್ಮಾಕೋಲ್ ಎತ್ತುವಾಗ ದೂರದ ಅಂಚನ್ನು ಹಿಡಿದು ನಿಮ್ಮ ಕಡೆಗೆ ಮಗುಚಿ. ಅಡಿಯಲ್ಲಿ ಹಾವೋ ಚೇಳೋ ಇದ್ದರೆ ಅದರ ದಾರಿ ಆಚೆಗೆ ತೆರೆಯುತ್ತದೆ, ಎತ್ತಿದ ವಸ್ತು ನಿಮಗೂ ಅದಕ್ಕೂ ನಡುವೆ ಅಡ್ಡವಾಗುತ್ತದೆ. ಅರ್ಧ ಹೂತ ಪ್ಲಾಸ್ಟಿಕ್ಕನ್ನು ಜಗ್ಗಬೇಡಿ. ಇಳಿಜಾರಿನಲ್ಲಿ ಹುಲ್ಲಿನ ಬೇರು ಅದರೊಳಗೆ ಹೆಣೆದುಕೊಂಡಿರುತ್ತದೆ, ಎಳೆದರೆ ಒಂದು ಬುಟ್ಟಿ ಮಣ್ಣೂ ಜೊತೆಗೆ ಬಂದು ಮುಂದಿನ ಮಳೆಗೆ ಅಲ್ಲೊಂದು ಕೊರಕಲು. ನೆಲಮಟ್ಟಕ್ಕೆ ಕತ್ತರಿಸಿ ಮೇಲಿನದನ್ನಷ್ಟೇ ತೆಗೆದುಕೊಳ್ಳಿ. ತರಗೆಲೆ ಗುಡಿಸುವುದು, ಒಣಕೊಂಬೆ ಎತ್ತಿ ಹಾಕುವುದು, ಗಿಡ ಕೀಳುವುದು ಬೇಡ. ಕಾಡಿಗೆ ಅದೆಲ್ಲ ಬೇಕು.

ಬಾಟಲಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಘಾಟಿಯಲ್ಲಿ ತೂಕದ ಲೆಕ್ಕಕ್ಕೆ ಅವುಗಳದೇ ಮೇಲುಗೈ. ಬಾಯಿ ಮೇಲಾಗಿ ಓರೆ ಬಿದ್ದ ಬಾಟಲಿ ಸಣ್ಣ ಜೀವಿಗಳಿಗೆ ಬೋನು: ಒಳಗಿನ ಸಿಹಿ ವಾಸನೆಗೆ ಹುಳ ಹೋಗುತ್ತದೆ, ಹುಳದ ಹಿಂದೆ ಹಲ್ಲಿ, ಅರಣೆ, ಇಲಿಮರಿ ಹೋಗುತ್ತವೆ, ನುಣುಪು ಗಾಜಿನಲ್ಲಿ ಮರಳಿ ಹತ್ತಲಾಗದು. ಆದ್ದರಿಂದ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ, ಒಳಗೆ ಜೀವವಿದ್ದರೆ ಅದೇ ಜಾಗದ ಎಲೆಗಳ ನಡುವೆ ಬಾಯಿ ಕೆಳಗೆ ಮಾಡಿ ಸ್ವಲ್ಪ ಹೊತ್ತು ಇಡಿ. ನೀರು ತುಂಬಿದ್ದರೆ ನಿಧಾನ ಬಗ್ಗಿಸಿ. ಬಾಟಲಿಯನ್ನು ಚೀಲಕ್ಕೆ ಎಸೆಯಬೇಡಿ, ಒಂದು ಒಡೆದರೆ ಇಡೀ ಚೀಲ ಕತ್ತಿಯಾಗುತ್ತದೆ. 650 ಎಂ.ಎಲ್.ನ ಬಿಯರ್ ಬಾಟಲಿ ಒಂದಕ್ಕೆ ಸುಮಾರು ಅರ್ಧ ಕೆ.ಜಿ., ಒಂದು ಚೀಲಕ್ಕೆ ಇಪ್ಪತ್ತೈದು ದಾಟಿಸಬೇಡಿ, ಹನ್ನೆರಡು ಹದಿಮೂರು ಕೆ.ಜಿ. ಆಗುತ್ತದೆ. ಅದಕ್ಕಿಂತ ಹೆಚ್ಚಾದರೆ ಎತ್ತುವವರು ಚೀಲವನ್ನು ಕಾಲಿಗೆ ತಾಗಿಸಿಕೊಂಡು ನಡೆಯುತ್ತಾರೆ, ಒಡೆದ ಚೂರು ನೇಯ್ಗೆ ತೂರಿ ಮೊಣಕಾಲ ಕೆಳಗೆ ಕೊಯ್ಯುತ್ತದೆ. ಇಂಥ ದಿನಗಳಲ್ಲಿ ಆಗುವ ಗಾಯ ಹೆಚ್ಚಾಗಿ ಹೀಗೇ, ಹೆಕ್ಕುವಾಗಲ್ಲ, ಹೊರುವಾಗ. ಗಾಜಿನ ಚೀಲವನ್ನು ಇಬ್ಬರು ಎರಡು ಕಿವಿ ಹಿಡಿದು ಮೈಯಿಂದ ದೂರವಿಟ್ಟು ಒಯ್ಯಬೇಕು. ಒಡೆದ ಚೂರು ಬಕೆಟ್ಟಿಗೆ ಮಾತ್ರ. ಚೂರುಗಳನ್ನು ಪೂರ್ತಿ ತೆಗೆಯಲು ಹೊತ್ತು ಹಿಡಿದರೂ ಹಿಡಿಯಲಿ, ಆನೆಯ ಅಂಗಾಲು ನೋಡಲು ದಪ್ಪ, ಗಾಜಿನ ಮುಂದೆ ಮೃದುವೇ.

ಚೀಲದ ಬಾಯಿ ಕಟ್ಟಲು ಮೇಲೆ ಒಂದು ಗೇಣು ಖಾಲಿ ಬಿಡಿ. ಕಂಠಮಟ್ಟ ತುಂಬಿದರೆ ಕಟ್ಟು ನಿಲ್ಲುವುದಿಲ್ಲ, ಗಾಡಿ ಎರಡನೇ ತಿರುವು ತಿರುಗುವಾಗ ಕಸ ಮತ್ತೆ ಘಾಟಿಗೇ ಬೀಳುತ್ತದೆ. ಗಾಡಿಯ ಮೇಲೆ ಬಲೆ ಅಥವಾ ಟಾರ್ಪಾಲು ಕಟ್ಟದೆ ಹೊರಡಬೇಡಿ. ಪ್ಲಾಸ್ಟಿಕ್ ತೂಕಕ್ಕಿಂತ ಜಾಗ ಜಾಸ್ತಿ ತಿನ್ನುತ್ತದೆ. ಚೀಲ ಅರವತ್ತು ದಾಟುವ ಅಂದಾಜಿದ್ದರೆ ಟಾಟಾ ಏಸ್‌ಗೆ ಎರಡು ಸುತ್ತು ಬೇಕು, ದೊಡ್ಡ ಪಿಕಪ್ ಆದರೆ ಒಂದರಲ್ಲೇ ಮುಗಿಯಬಹುದು.

ಮುಟ್ಟಬಾರದ್ದು ಕೆಲವಿವೆ. ಉಂಡೆಯಂತೆ ಸುತ್ತಿ ಕಟ್ಟಿದ್ದು, ಹಿಟ್ಟು ಮೆತ್ತಿದ್ದು, ದಾರ ಬಿಗಿದ ಚಿಕ್ಕ ಪೊಟ್ಟಣ ಕಂಡರೆ ಇಕ್ಕಳವನ್ನೂ ತಾಗಿಸಬೇಡಿ. ಕಾಡುಹಂದಿಗೆ ಇಡುವ ಸಿಡಿಮದ್ದು ಇರಬಹುದು, ಹಲ್ಲಿನ ಒತ್ತಡಕ್ಕೆ ಸಿಡಿಯುವಂಥದ್ದು ಇಕ್ಕಳದ ಒತ್ತಡಕ್ಕೂ ಸಿಡಿಯುತ್ತದೆ. ಎಲ್ಲರನ್ನೂ ಹಿಂದೆ ಸರಿಸಿ ಅರಣ್ಯ ಪಾಲಕರಿಗೆ ತೋರಿಸಿ. ತಂತಿಯ ಉರುಳು ಸಿಕ್ಕರೆ ಬಿಚ್ಚಬೇಡಿ, ಫೋಟೊ ತೆಗೆದು ಹೇಳಿ, ಅದು ಅವರಿಗೆ ಸಾಕ್ಷ್ಯ. ಅವರು ಜೊತೆಗಿಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಮರಕ್ಕೆ ಕಟ್ಟಿದ ಕ್ಯಾಮೆರಾ ಕಸವಲ್ಲ. ಬಾಯಿ ಕಟ್ಟಿ ನಾರುವ ದೊಡ್ಡ ಚೀಲ ಸಾಮಾನ್ಯವಾಗಿ ಕೋಳಿ ಅಂಗಡಿಯ ತ್ಯಾಜ್ಯ. ಬಿಚ್ಚಿ ನೋಡುವ ಕುತೂಹಲ ಬೇಡ, ಜಾಗ ಗುರುತಿಸಿ ಪಂಚಾಯತಿಗೆ ತಿಳಿಸಿ, ಅದಕ್ಕೆ ಬೇರೆ ಗಾಡಿ ಬೇಕು. ಮರದ ಬುಡದಲ್ಲಿ ಕುಂಕುಮ, ಬಟ್ಟೆ, ಗಾಜಿನ ಬಳೆ ಇದ್ದರೆ ಊರಿನವರನ್ನು ಕೇಳದೆ ತೆಗೆಯಬೇಡಿ. ಇನ್ನು ಎಲ್ಲ ಮುಗಿದ ಮೇಲೆ ‘ಇಷ್ಟನ್ನು ಇಲ್ಲೇ ಸುಟ್ಟುಬಿಡೋಣ’ ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅನುಮತಿ ಪಡೆದವರ ಹೆಸರಿಗೇ ಮೊಕದ್ದಮೆ ಬೀಳುತ್ತದೆ.

ಹಾವು ಕಚ್ಚಿದರೆ ಏನು ಮಾಡಬೇಕೆಂದು ಹೊರಡುವ ಮೊದಲೇ ತೀರ್ಮಾನವಾಗಿರಬೇಕು, ಘಾಟಿಯ ಬಹಳ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. 108ನ್ನು ಮಾತ್ರ ನಂಬಿ ಕೂರಬೇಡಿ. ಒಂದು ಕಾರನ್ನು ಇಳಿಯುವ ದಿಕ್ಕಿಗೆ ಮುಖ ಮಾಡಿ, ಕೀಲಿ ಚಾಲಕರ ಕೈಯಲ್ಲೇ ಇರುವಂತೆ ನಿಲ್ಲಿಸಿ. ಹಿಂದಿನ ದಿನ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಹಾವಿನ ವಿಷಕ್ಕೆ ಔಷಧ ದಾಸ್ತಾನಿದೆಯೇ, ವೈದ್ಯರು ಇರುತ್ತಾರೆಯೇ ಎಂದು ಕೇಳಿಕೊಳ್ಳಿ. ಕಚ್ಚಿದ ಕಡೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ, ಶೂ ಬಿಚ್ಚಿ, ಕೈಕಾಲನ್ನು ಕೋಲಿಗೆ ಸಡಿಲಾಗಿ ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಎತ್ತಿಕೊಂಡು ಹೋಗಿ. ನಮ್ಮಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಘಟ್ಟದಲ್ಲಿ ಎಲೆಗಳ ನಡುವೆ ಮಲಗುವ ಗುಳಿಮಂಡಲಗಳಿಗೆ ಅದು ಹೊಂದುವುದಿಲ್ಲ. ಹಾಗಾಗಿ ಹಾವಿನ ಫೋಟೊ ದೂರದಿಂದ ಸುಲಭವಾಗಿ ಸಿಕ್ಕರೆ ವೈದ್ಯರಿಗೆ ಅನುಕೂಲ. ಅದಕ್ಕಾಗಿ ಹಾವಿನ ಹಿಂದೆ ಬೀಳಬೇಡಿ, ಹೊಡೆಯಲೂ ಬೇಡಿ.

ಇಂಬಳ ಹತ್ತಿದರೆ ಉಪ್ಪಿನ ಬಟ್ಟೆಗಂಟು ತಾಗಿಸಿದರೆ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಸೋರುವುದು ಸಹಜ. ಉಣುಗಿನ ವಿಷಯ ಹಾಗಲ್ಲ. ನವೆಂಬರ್‌ನಲ್ಲೂ ಹೊರಡುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮನೆಗೆ ಹೋದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಸೊಂಟದ ಪಟ್ಟಿಯ ಜಾಗ, ಮೊಣಕಾಲ ಹಿಂಭಾಗ ನೋಡಿಕೊಳ್ಳಿ. ಮುಂದಿನ ಹತ್ತು ದಿನಗಳೊಳಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಘಾಟಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಅವರಾಗಿ ಕೇಳಲಿ ಎಂದು ಕಾಯಬೇಡಿ.

ಬೇರ್ಪಡಿಸುವುದನ್ನು ಘಾಟಿಯಲ್ಲಿ ಮಾಡಬೇಡಿ, ಗಾಳಿಗೆ ಅರ್ಧ ಹಾರಿಹೋಗುತ್ತದೆ. ಕೆಳಗೆ ಘಟಕದ ಅಂಗಳದಲ್ಲಿ ಟಾರ್ಪಾಲು ಹಾಸಿ ಮಾಡಿ. ಘಾಟಿಯಲ್ಲಿ ಮಾಡಬೇಕಾದ್ದು ಒಂದೇ, ಚೀಲಕ್ಕೆ ಹಾಕುವ ಮೊದಲು ಮಣ್ಣು, ನೀರು ಅಲ್ಲೇ ಕೊಡವುವುದು. ಕೊಡವದಿದ್ದರೆ ನೀವು ಹೊತ್ತು ತರುವ ತೂಕದಲ್ಲಿ ಎಷ್ಟೋ ಪಾಲು ಕಾಡಿನ ಮಣ್ಣೇ, ಅದರ ಜೊತೆ ಕಳೆಗಿಡದ ಬೀಜವೂ ಊರಿಗೆ. ನೀರಿನ ಬಾಟಲಿಗಳ ಮುಚ್ಚಳ ಬಿಚ್ಚಿ, ತುಳಿದು ಚಪ್ಪಟೆ ಮಾಡಿ, ಮುಚ್ಚಳ ಮತ್ತೆ ಹಾಕಿ. ಚೀಲ ಅರ್ಧಕ್ಕರ್ಧ ಉಳಿಯುತ್ತದೆ. ಈ ಬಾಟಲಿಗೂ ಅಲ್ಯೂಮಿನಿಯಂ ಕ್ಯಾನಿಗೂ ಗುಜರಿಯಲ್ಲಿ ಬೆಲೆಯಿದೆ. ಬಾಯಿ ಚಕ್ಕೆ ಏಳದ ಬಿಯರ್ ಬಾಟಲಿ ತೊಳೆದು ಮತ್ತೆ ತುಂಬಲು ಹೋಗುತ್ತದೆ, ಚಕ್ಕೆ ಎದ್ದದ್ದು ಬರೀ ಗಾಜು. ಕರ್ನಾಟಕದಲ್ಲಿ ಅಗ್ಗದ ಮದ್ಯ 90, 180 ಎಂ.ಎಲ್.ನ ಟೆಟ್ರಾ ಪ್ಯಾಕಿನಲ್ಲಿ ಬರುವುದರಿಂದ ಅದರದೇ ಒಂದು ಚೀಲವಾಗುತ್ತದೆ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಅಂಟಿಸಿದ ಪದರಗಳು ಅವು, ಎಲ್ಲ ಗುಜರಿಯವರು ಕೊಳ್ಳುವುದಿಲ್ಲ. ಗುಟ್ಕಾ ಚೀಟಿ, ಚಿಪ್ಸ್, ಬಿಸ್ಕತ್ತಿನ ಕವರನ್ನು ಯಾರೂ ಕೊಳ್ಳುವುದಿಲ್ಲ. ದೊಡ್ಡ ಘಟಕದ ಮೂಲಕ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುವುದೇ ಅವಕ್ಕೆ ದಾರಿ. ಹಾಗಾಗಿ ಬೆಲೆ ಬರುವುದನ್ನು ನೀವೇ ಗುಜರಿಗೆ ಮಾರಿಕೊಂಡು ಉಳಿದದ್ದನ್ನಷ್ಟೇ ಪಂಚಾಯತಿಗೆ ತಳ್ಳುವುದು ಬೇಡ. ಎಲ್ಲವನ್ನೂ ಒಟ್ಟಿಗೇ ಕೊಟ್ಟರೆ ಘಟಕದಲ್ಲಿ ದುಡಿಯುವ ಮಹಿಳೆಯರಿಗೆ ನಾಲ್ಕು ಕಾಸು ಸಿಗುತ್ತದೆ. ಡೈಪರ್, ಪ್ಯಾಡುಗಳನ್ನು ಮೊದಲಿನಿಂದಲೇ ಬೇರೆ ಚೀಲದಲ್ಲಿಟ್ಟು ಕೆಂಪು ಬಣ್ಣದ ಗುರುತು ಹಾಕಿ. ಇನ್ನೊಬ್ಬರ ಬರಿಗೈ ಅದಕ್ಕೆ ಬೀಳಬಾರದು.

ಚೀಲ ಏರಿಸುವ ಜಾಗದಲ್ಲಿ ಕೂತವರು ಜಾಗವಾರು ತೂಕ ಬರೆಯಲಿ, ಬೇರ್ಪಡಿಸುವಾಗ ಬಾಟಲಿ, ಟೆಟ್ರಾ, ಕವರ್, ಊಟದ ತಟ್ಟೆ ಎಂದು ಎಣಿಕೆಯೂ ಆಗಲಿ. ಊಟದ ತಟ್ಟೆ ಹೆಚ್ಚಿದ್ದರೆ ಅದು ಬಸ್ಸು ಮಾಡಿಕೊಂಡು ಬರುವ ಪ್ರವಾಸಿಗರ ಕಸ, ಟೆಟ್ರಾ ಹೆಚ್ಚಿದ್ದರೆ ಸಂಜೆ ಗಾಡಿ ನಿಲ್ಲಿಸಿ ಕುಡಿಯುವವರದು, ಮನೆಯ ಹಳೇ ಬಟ್ಟೆ, ಹಾಸಿಗೆ ಇದ್ದರೆ ತಂದು ಸುರಿದದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಆ ಹಾಳೆಯ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ, ಒಂದು ಪಂಚಾಯತಿಗೆ ಕೊಡಿ. ಯಾವ ತಿರುವಿಗೆ ಕ್ಯಾಮೆರಾ, ಯಾವುದಕ್ಕೆ ಬೇಲಿ, ಎಲ್ಲಿ ಸಂಜೆ ಗಸ್ತು ಎಂದು ಅವರು ತೀರ್ಮಾನಿಸಲು ನಿಮ್ಮ ಫೋಟೊಗಳಿಗಿಂತ ಆ ಅಂಕಿ ಉಪಯೋಗಕ್ಕೆ ಬರುತ್ತದೆ. ಬಾಟಲಿಯ ಕಾಟ ಹೆಕ್ಕಿ ಮುಗಿಯುವಂಥದ್ದಲ್ಲ ಎಂಬುದನ್ನು ನೆರೆಯ ನೀಲಗಿರಿಯವರು ಒಪ್ಪಿಕೊಂಡು, ಮದರಾಸ್ ಹೈಕೋರ್ಟಿನ ನಿರ್ದೇಶನದಂತೆ 2022ರ ಮೇ ತಿಂಗಳಿಂದ ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು ಖಾಲಿ ಬಾಟಲಿ ಮರಳಿಸಿದರೆ ಹಣ ವಾಪಸು ಕೊಡುವ ಪದ್ಧತಿ ತಂದರು. ನಮ್ಮ ಘಾಟಿಗಳಿಗೂ ಅಂಥದ್ದು ಬೇಕೆಂದು ಕೇಳಲು ಹೋದಾಗ ಕೈಯಲ್ಲಿ ಎಣಿಕೆ ಇರಬೇಕು. ಅದೇ ಮೂರು ಜಾಗಗಳಿಗೆ ಮೂರು ತಿಂಗಳ ನಂತರ ನಾಲ್ಕು ಜನ ಮಾತ್ರ ಹೋಗಿ, ಕಾಡಿಗಿಳಿಯದೆ ರಸ್ತೆಯಂಚಿನಲ್ಲೇ ನಿಂತು ಮತ್ತೆ ಎಣಿಸಿ.

ಕೊನೆಗೆ ಮಕ್ಕಳು. ಹೆದ್ದಾರಿಯಂಚಿಗೆ ಹದಿನೈದರೊಳಗಿನ ಯಾರನ್ನೂ ಕರೆತರಬೇಡಿ, ಹೆತ್ತವರು ಜೊತೆಗಿದ್ದರೂ ಸರಿ. ಲಾರಿ ತಿರುವಿನಲ್ಲಿ ಇಳಿದು ಬರುವಾಗ ಸೀಟಿ ಕೇಳಿ ಸರಿಯುವುದಕ್ಕೆ ಸಿಗುವುದು ನಾಲ್ಕೈದು ಸೆಕೆಂಡು, ಮಕ್ಕಳು ಆಗ ಗೆಳೆಯರ ಕಡೆ ಓಡುತ್ತಾರೆ. ಅವರಿಗೆ ಘಟಕದ ಅಂಗಳದಲ್ಲಿ ಕೆಲಸವಿದೆ: ಚೀಲ ತೂಗುವುದು, ಎಣಿಸಿ ಗೆರೆ ಎಳೆಯುವುದು, ನೀರಿನ ಬಾಟಲಿ ತುಳಿದು ಚಪ್ಪಟೆ ಮಾಡುವುದು. ಗಾಜಿನ ಚೀಲ, ಕೆಂಪು ಗುರುತಿನ ಚೀಲ ಎರಡೂ ಅವರ ಕೈಗೆ ಸಿಗದ ಕಡೆ ಇರಲಿ. ಹದಿನೈದು ದಾಟಿದ ವಿದ್ಯಾರ್ಥಿಗಳು ಬರುವುದಾದರೆ ಮನೆಯವರ ಒಪ್ಪಿಗೆ ಪತ್ರ ತರಿಸಿಕೊಂಡು, ಪ್ರತಿ ಗುಂಪಿಗೆ ಒಬ್ಬರಿಗಿಂತ ಹೆಚ್ಚು ಹಾಕದೆ, ಚೀಲ ಹಿಡಿಯುವ ಕೆಲಸ ಕೊಡಿ.